ಮಡಿವಾಳಮ್ಮನೂ ಕಟ್ಟೆಯ ನೀರೂ

ಹೋದ ತಿಂಗಳು ಬೀರೂರು ಜಂಕ್ಷನ್ನಿನಲ್ಲಿ ತರೀಕೆರೆಯ ಕಡೆಗೆ ಹೋಗುವ ಗಾಡಿಗಾಗಿ ಕಾಯುತ್ತ ಕುಳಿತಿದ್ದೆ. ಗಾಡಿ ಎಂದಿನಂತೆ ತಡವಾಗಿತ್ತು. ಪ್ಲಾಟ್‌ಫಾರ್ಮಿನ ಆಚೆ, ರೈಲ್ವೆ ನೌಕರರ ಮನೆಗಳ ಹಿಂದೆ, ಅಗಸರು ಯಾರೋ ಒಲೆ ಹೂಡಿ ಬಟ್ಟೆಗೆ ಉಬ್ಬೆ ಹಾಕಿದ್ದರು. ಚೌಳುಮಣ್ಣು, ಬೂದಿ, ಬೆಂದ ಹತ್ತಿಬಟ್ಟೆ ಈ ಮೂರೂ ಕೂಡಿದ ಹಬೆ ಗಾಳಿಯೊಡನೆ ಬಂದು ನನ್ನ ಬೆಂಚನ್ನು ಮುಟ್ಟಿತು. ಕೈಯಲ್ಲಿದ್ದ ಪತ್ರಿಕೆಯನ್ನು ಮಡಿಸಿಟ್ಟೆ. ಇಪ್ಪತ್ತೈದು ವರ್ಷಗಳ ಹಿಂದೆ ನಮ್ಮೂರಿನ ಪ್ರತಿಯೊಂದು ಪಂಚೆಯಲ್ಲೂ ಪ್ರತಿಯೊಂದು ಸೀರೆಯಲ್ಲೂ ಈ ವಾಸನೆಯಿತ್ತು. ಅದನ್ನು ಮನೆಮನೆಗೆ ಹೊತ್ತು ತರುತ್ತಿದ್ದ ನಮ್ಮೂರ ಮಡಿವಾಳಮ್ಮ, ಕತ್ತೆಯನ್ನು ಬೈಯುತ್ತ, ಆ ಹಬೆಯೊಳಗಿಂದ ನನ್ನೆದುರಿಗೆ ನಡೆದು ಬಂದಂತಾಯಿತು...

ನಮ್ಮೂರು ಕಡೂರು ಸೀಮೆಯ, ತರೀಕೆರೆ ತಾಲ್ಲೂಕಿಗೆ ಸೇರಿದ, ಬೆದ್ದಲು ನೆಲದ ಊರು. ಬೀರೂರಿನಿಂದ ರೈಲಿನಲ್ಲಿ ಹೋಗಿ ಅಜ್ಜಂಪುರದಲ್ಲಿ ಇಳಿದು, ಅಲ್ಲಿಂದ ಒಂದು ಹರದಾರಿ ನಡೆಯಬೇಕು. ರಾಗಿ, ತೆಂಗು, ಕುರಿ ಇಷ್ಟೇ ನಮ್ಮ ಸಂಪತ್ತು. ಮಳೆಗಾಲದಲ್ಲಿ ಕೆರೆ ತುಂಬಿದರೆ ಒಗೆಯುವುದು, ಎಮ್ಮೆ ತೊಳೆಯುವುದು ಎಲ್ಲ ಅಲ್ಲಿ. ಬೇಸಿಗೆಯಲ್ಲಿ ಕೆರೆಯ ನೀರು ತೂಬಿನ ಬಾಯಿಗೆ ಇಳಿದುಬಿಟ್ಟರೆ ಇಡೀ ಊರು ಊರ ಮುಂದಿನ ಕಲ್ಲುಕಟ್ಟಡದ ಕಟ್ಟೆಯೊಂದನ್ನೇ ನಂಬಿಕೊಳ್ಳುತ್ತಿತ್ತು. ಮೂಡಲ ಮೆಟ್ಟಿಲುಗಳಲ್ಲಿ ಹೆಂಗಸರು ಮೊಣಕಾಲುದ್ದ ಇಳಿದು ಕುಡಿಯುವ ನೀರನ್ನು ತುಂಬಿಕೊಳ್ಳುತ್ತಿದ್ದರು. ಪಡುವಲ ಮೂಲೆಯಲ್ಲಿ ಮಡಿವಾಳಮ್ಮನ ಎರಡು ಒಗೆಯುವ ಕಲ್ಲುಗಳಿದ್ದವು.

ನಾನು ಮೈಸೂರಿನ ಕಾಲೇಜಿನಲ್ಲಿ ಬಿ.ಎ. ಮುಗಿಸಿ ಊರಿಗೆ ಮರಳಿದ್ದು ಅಂಥದೊಂದು ಬೇಸಿಗೆಯಲ್ಲಿ. ಚರ್ಚಾಕೂಟದ ಪದಕವೊಂದು ಪೆಟ್ಟಿಗೆಯಲ್ಲಿತ್ತು. ಯಾವ ವಿಷಯವನ್ನು ಕೊಟ್ಟರೂ ಅದರ ಪರವಾಗಿ ಅರ್ಧ ಗಂಟೆ, ವಿರೋಧವಾಗಿ ಅರ್ಧ ಗಂಟೆ ಮಾತನಾಡಬಲ್ಲೆನೆಂಬ ವಿಶ್ವಾಸ ತಲೆಯಲ್ಲಿತ್ತು. ದೇಶಸೇವೆಯನ್ನು ಎಲ್ಲಿಂದ ಆರಂಭಿಸಲಿ ಎಂದು ಹುಡುಕುತ್ತಿದ್ದೆ. ಹುಡುಕುವ ಶ್ರಮವಿರಲಿಲ್ಲ. ನಮ್ಮೂರಿನಲ್ಲಿ ಆ ಕಾಲಕ್ಕೆ ಪ್ರತಿ ಬೇಸಿಗೆಯಲ್ಲೂ ನಾರುಹುಣ್ಣು ಏಳುತ್ತಿತ್ತು. ಕಾಲಿನಲ್ಲಿ ಮೊದಲು ಬೊಕ್ಕೆ, ಆಮೇಲೆ ಉರಿ, ಆಮೇಲೆ ಬೊಕ್ಕೆ ಒಡೆದು ಬಿಳಿಯ ದಾರದಂಥ ಹುಳುವಿನ ತುದಿ. ಅದನ್ನು ಕಡ್ಡಿಗೆ ಸುತ್ತಿ, ದಿನಕ್ಕೆ ಎರಡು ಬೆರಳಿನಷ್ಟು ಎಳೆದು, ಹರಿಯದಂತೆ ಬಟ್ಟೆ ಕಟ್ಟಿ, ಬಿತ್ತನೆಯ ಹೊತ್ತಿನಲ್ಲಿ ಗಟ್ಟಿಮುಟ್ಟಾದ ಗಂಡಸು ಜಗಲಿಯ ಮೇಲೆ ತಿಂಗಳುಗಟ್ಟಲೆ ಕಾಲು ಚಾಚಿ ಕೂರಬೇಕು. ಅದು ದೇವರ ಕಾಟವೆಂದು ಕೆಲವರು, ಮೈಯ ಉಷ್ಣವೆಂದು ಕೆಲವರು ಹೇಳುತ್ತಿದ್ದರು. ಯಾರೂ ಅದಕ್ಕೆ ಆಶ್ಚರ್ಯಪಡುತ್ತಿರಲಿಲ್ಲ.

ಆ ದಿನಗಳಲ್ಲಿ ತಂದೆಯವರ ಖಾತೆಯ ಕೆಲಸವೊಂದಕ್ಕಾಗಿ ತರೀಕೆರೆಯ ಕಚೇರಿಗೆ ಹೋಗಬೇಕಾಯಿತು. ಅಲ್ಲಿ ನನ್ನ ಸೋದರಮಾವ ಗುಮಾಸ್ತರಾಗಿದ್ದರು. ಅಮಲ್ದಾರರು ಸರ್ಕೀಟಿಗೆ ಹೋಗಿದ್ದ ಕಾರಣ ದಫ್ತರದ ಕೋಣೆಯಲ್ಲಿ ಕಾಯುತ್ತ, ಬೆನ್ನಿಗೆ ಆಸರೆಯಾಗಲೆಂದು ಒಂದು ಕಾಗದದ ಗಂಟಿಗೆ ಒರಗಿಕೊಂಡೆ. ಬೇಸರಕ್ಕೆ ಅದನ್ನು ಬಿಚ್ಚಿ ನೋಡಿದೆ. ಇಂಗ್ಲಿಷಿನಲ್ಲಿ ಬರೆದ ಹಾಳೆಗಳು. ಯಾವುದೋ ಕಾಲದಲ್ಲಿ, ಯಾರೋ ಪುಣ್ಯಾತ್ಮರು, ನಮ್ಮ ಸೀಮೆಯ ಕೆರೆ, ಕಟ್ಟೆ, ಹಳ್ಳ, ಜವುಗುಗಳ ನೀರನ್ನು ಗಾಜಿನಲ್ಲಿ ಹಿಡಿದು ನೋಡಿ, ಯಾವ ನೀರಿನಲ್ಲಿ ಯಾವ ಸಸ್ಯ, ಯಾವ ಜೀವಿ ಎಂದು ಸಾಲುಸಾಲಾಗಿ ಬರೆದಿಟ್ಟಿದ್ದರು. ಕಾಗದಗಳು ಒಂದು ಇಲಾಖೆಯಿಂದ ಇನ್ನೊಂದು ಇಲಾಖೆಗೆ ಹೋಗಿ, ಎರಡೂ ಕಡೆಯ ಮೊಹರು ಹೊತ್ತು, ಯಾರೂ ಓದದೆ ಇಲ್ಲಿ ಬಂದು ನಿಂತಿದ್ದವು.

"ಅದಾ? ಅದನ್ಯಾಕೆ ಬಿಚ್ಚಿದ್ಯೋ? ಕೆರೆ ಕಟ್ಟೆ ಬಗ್ಗೆ ಯಾವನೋ ಬರ್ದಿದ್ದು," ಎಂದರು ಮಾವ.

"ಇದನ್ನ ಯಾರೂ ಓದಿಲ್ವಾ ಮಾವ?"

"ಯಾಕಿಲ್ಲ? ಗೆದ್ದಲು ಓದ್ತಾ ಐತಲ್ಲ. ಅರ್ಧ ಮುಗ್ಸೈತೆ ನೋಡು."

ಗೆದ್ದಲು ಇನ್ನೂ ಮುಟ್ಟದ ಭಾಗದಲ್ಲಿ ನಾರುಹುಣ್ಣಿನ ಮಾತು ಬಂದಿತ್ತು. ನಿಂತ ನೀರಿನಲ್ಲಿ ಎಳ್ಳಿಗಿಂತ ಸಣ್ಣದೊಂದು ಜೀವಿ ಕುಪ್ಪಳಿಸುತ್ತಿರುತ್ತದೆ. ಹುಳುವಿನ ಮರಿ ಅದರ ಹೊಟ್ಟೆಯಲ್ಲಿರುತ್ತದೆ. ಆ ನೀರನ್ನು ಕುಡಿದವನ ಮೈಯಲ್ಲಿ ಮರಿ ಬೆಳೆದು ನಾರಾಗುತ್ತದೆ. ಬಟ್ಟೆಯಲ್ಲಿ ಸೋಸಿ ಕುಡಿದರೆ ಬರುವುದಿಲ್ಲ. ಇಷ್ಟೇ. ನಮ್ಮ ಜನ ತಲೆಮಾರುಗಳಿಂದ ನರಳುತ್ತಿದ್ದ ನೋವಿಗೆ ಉತ್ತರ, ಅವರ ತಾಲ್ಲೂಕಿನದೇ ಕಚೇರಿಯಲ್ಲಿ, ಅವರಿಗೆ ತಿಳಿಯದ ಭಾಷೆಯಲ್ಲಿ, ಗಂಟು ಕಟ್ಟಿಸಿಕೊಂಡು ಕುಳಿತಿತ್ತು! ನಾನು ಮೂರು ದಿನ ಮಾವನ ಮನೆಯಲ್ಲಿ ಉಳಿದು ಆ ಭಾಗವನ್ನೆಲ್ಲ ನಕಲು ಮಾಡಿಕೊಂಡೆ. ಖಾತೆಯ ಕೆಲಸವನ್ನು ಮರೆತೇ ಬಂದೆ.

ಊರಿನ ಚಾವಡಿಯಲ್ಲಿ ನನ್ನ ಮೊದಲ ಭಾಷಣ ನಡೆಯಿತು. ನಾನು ಪೂರ್ವಪಕ್ಷವನ್ನು ಮಂಡಿಸಿದೆ, ಖಂಡಿಸಿದೆ, ಸಿದ್ಧಾಂತವನ್ನು ಸ್ಥಾಪಿಸಿದೆ. "ಮಹಾಜನಗಳೇ, ವಿಜ್ಞಾನವೆಂಬ ಸೂರ್ಯನು..." ಎಂದು ನಾನು ಕೈಯೆತ್ತಿದಾಗ ಎದುರಿಗೆ ಇಬ್ಬರು ಮಾತ್ರ ಎಚ್ಚರವಾಗಿದ್ದರು. ಅವರಲ್ಲಿ ಒಬ್ಬರು ಪಟೇಲರು.

"ಏನಪ್ಪಾ," ಎಂದರು ಅವರು, "ಅಷ್ಟು ವರ್ಷ ಮೈಸೂರಲ್ಲಿ ಓದಿ, ನೀರಲ್ಲಿ ಹುಳ ಐತೆ ಅಂತ ಹೇಳಕ್ಕೆ ಬಂದ್ಯಾ? ನೀರಲ್ಲಿ ಇರ್ದೆ ಇನ್ನೇನು ನಮ್ಮ ಅಟ್ಟದ ಮೇಲಿರ್ತದಾ?"

ಎಚ್ಚರವಾಗಿದ್ದ ಇನ್ನೊಬ್ಬರು ನಕ್ಕರು. ನಿದ್ದೆಯಲ್ಲಿದ್ದವರು ಆ ನಗುವಿಗೆ ಎದ್ದು, ಸಭೆ ಮುಗಿಯಿತೆಂದು ತಿಳಿದು ಮನೆಗೆ ಹೋದರು.

ಮರುದಿನ ಬೆಳಿಗ್ಗೆ ಮಡಿವಾಳಮ್ಮ ಬಟ್ಟೆ ಒಯ್ಯಲು ನಮ್ಮ ಹಿತ್ತಿಲಿಗೆ ಬಂದಳು. ಎತ್ತರದ ಹೆಂಗಸು, ಐವತ್ತರ ಆಸುಪಾಸು, ನೀರಿನಲ್ಲಿ ನೆನೆದು ನೆನೆದು ಬಿಳುಚಿದ ಕೈಗಳು, ಕಟ್ಟೆಯ ಈ ದಡದಲ್ಲಿ ಮಾತನಾಡಿದರೆ ಆ ದಡದಲ್ಲಿ ಕೇಳಿಸುವ ಗಂಟಲು. ಗಂಡ ತೀರಿಹೋಗಿ, ಮಕ್ಕಳಿಲ್ಲದೆ, ಒಬ್ಬಳೇ ಒಂದು ಕತ್ತೆಯನ್ನು ಕಟ್ಟಿಕೊಂಡು ಇಡೀ ಊರಿನ ಬಟ್ಟೆಯನ್ನು ಒಗೆಯುತ್ತಿದ್ದಳು. ಆ ವರ್ಷ ಆಕೆಯ ಎಡಗಾಲಿನಲ್ಲೂ ನಾರುಹುಣ್ಣು ಎದ್ದಿತ್ತು. ಕಣಕಾಲಿಗೆ ಕಡ್ಡಿ ಸಮೇತ ಬಟ್ಟೆ ಕಟ್ಟಿಕೊಂಡು ಕುಂಟುತ್ತಲೇ ಬಂದಿದ್ದಳು.

ನಾನು ಸಮಾನತೆಯ ತತ್ವವನ್ನು ಆಗ ಹೊಸದಾಗಿ ಅಂಗೀಕರಿಸಿದ್ದೆ. "ಬನ್ನಿ ಮಡಿವಾಳಮ್ಮ, ಕೂತುಕೊಳ್ಳಿ," ಎಂದೆ.

ಆಕೆ ಹಿಂದಕ್ಕೆ ತಿರುಗಿ ನೋಡಿದಳು. "ನನಗಾ ಹೇಳಿದ್ದು ಬುದ್ಧೀ? 'ಬನ್ನಿ' ಅಂದ್ರಲ್ಲ, ಹಿಂದೆ ಶೇಕ್ದಾರ್ರೇನಾರ ಬಂದ್ರಾ ಅಂತ ನೋಡ್ದೆ."

"ಬುದ್ಧಿ ಅನ್ನಬೇಡಿ ನನ್ನನ್ನ."

"ಹಂಗಾರೆ ಬೀಯೇ ಅಪ್ಪಾ ಅಂತೀನಿ. ಅದೇನೋ ನಿನ್ನೆ ಚಾವಡೀಲಿ ಹುಳದ ಕತೆ ಹೇಳಿ ಎಲ್ಲಾರ್ನೂ ಮಲಗಿಸಿದ್ರಂತೆ. ನನಗೂ ಹೇಳಿ. ಕಾಲು ನೋವಿಗೆ ವಾರದಿಂದ ನಿದ್ದೆಯಿಲ್ಲ."

ನಾನು ನಕ್ಕುಬಿಟ್ಟೆ. ಸೂರ್ಯ, ಸಿದ್ಧಾಂತ ಎಲ್ಲವನ್ನೂ ಬಿಟ್ಟು ಇದ್ದದ್ದನ್ನು ಇದ್ದಂತೆ ಹೇಳಿದೆ. ಆಕೆ ಗಂಟು ಕಟ್ಟುವುದನ್ನು ನಿಲ್ಲಿಸಿ ಕೇಳಿದಳು. ಕೊನೆಗೆ ಒಂದೇ ಪ್ರಶ್ನೆ: "ಆ ಹುಳ ಕಣ್ಣಿಗೆ ಕಾಣ್ತದಾ?"

ನಿಜವಾಗಿ ಹೇಳಬೇಕೆಂದರೆ ಆ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ಓದಿದ್ದೆ, ನೋಡಿರಲಿಲ್ಲ. ಔಷಧದ ಗಾಜಿನ ಶೀಶೆಯೊಂದನ್ನು ತೊಳೆದು ಇಬ್ಬರೂ ಕಟ್ಟೆಗೆ ಹೋದೆವು. ಮೆಟ್ಟಿಲಿನ ಸಂದಿಯ ಪಾಚಿಯ ಹತ್ತಿರ ನೀರು ತುಂಬಿ ಬಿಸಿಲಿಗೆ ಎತ್ತಿ ಹಿಡಿದೆವು. ನಾನು ಓದುವ ಮಸೂರವನ್ನು ಕಣ್ಣಿಗಿಟ್ಟುಕೊಂಡು ತಡಕಾಡುತ್ತಿರುವಾಗಲೇ, ಜನ್ಮವೆಲ್ಲ ಬಿಳಿ ಬಟ್ಟೆಯಲ್ಲಿ ಕಲೆ ಹುಡುಕಿದ ಆಕೆಯ ಕಣ್ಣು ಮಸೂರವಿಲ್ಲದೆಯೇ ಕಂಡುಹಿಡಿಯಿತು.

"ಅಯ್ಯೋ ಶಿವನೇ! ಎಗರ್ತಾ ಅವೆ ಕಣ್ರೀ! ಅಲ್ನೋಡಿ, ಅಲ್ಲಿ, ಬೆರಳಿನ ಹತ್ರ... ಸಂತೆಗೆ ಹೊಂಟಂಗೆ ಹೊಂಟವೆ!"

ಬೆಳ್ಳನೆಯ ಧೂಳಿನ ಕಣಗಳಂತೆ ಅವು ಶೀಶೆಯೊಳಗೆ ಕುಪ್ಪಳಿಸಿ ಕುಪ್ಪಳಿಸಿ ಓಡಾಡುತ್ತಿದ್ದವು. ಆ ಹಾಳೆಗಳನ್ನು ಬರೆದವರು ಕಂಡ ಜೀವಿಯನ್ನು, ಅವರು ನೀರೆತ್ತಿದ ಸೀಮೆಯಲ್ಲೇ, ಆ ಸೀಮೆಯ ನೀರನ್ನು ಕುಡಿಯುವ ಹೆಂಗಸೊಬ್ಬಳು ಕಂಡಳು. ಕಾಲೇಜಿನ ಪದಕ ಬಂದ ದಿನ ನನಗೆ ಅಷ್ಟು ಸಂತೋಷವಾಗಿರಲಿಲ್ಲ.

ಅಂದು ಮಧ್ಯಾಹ್ನವೆಲ್ಲ ಆಕೆಯ ಗುಡಿಸಲಿನ ಮುಂದೆ ಪರೀಕ್ಷೆ ನಡೆಯಿತು. ವರದಿ 'ಬಟ್ಟೆ' ಎಂದಷ್ಟೇ ಹೇಳಿತ್ತು. ಯಾವ ಬಟ್ಟೆ? ಆ ಶಾಸ್ತ್ರ ಆಕೆಯದು. ಊರಿನ ಒಂದೊಂದು ಮನೆಯ ಬಟ್ಟೆಯನ್ನೂ ಗಂಟಿನಿಂದ ತೆಗೆದು, ಮಡಕೆಯ ಬಾಯಿಗೆ ಹಿಡಿದು, ನೀರು ಸೋಸಿ, ಕೆಳಗಿಳಿದ ನೀರನ್ನು ಶೀಶೆಗೆ ಹಾಕಿ ಬಿಸಿಲಿಗೆ ಹಿಡಿದಳು. ಪಟೇಲರ ಹೊಸ ಪಂಚೆಯಲ್ಲಿ ಜೀವಿಗಳು ಸಲೀಸಾಗಿ ಇಳಿದವು. "ಇವರ ಪಂಚೇಲಿ ಹುಳ ಏನು, ಕಪ್ಪೇನೂ ದಾಟ್ಕಂಡು ಹೋಯ್ತದೆ. ನೆಯ್ದೋನಿಗೆ ದಾರ ಉಳಿಸೋ ಅವಸರ," ಎಂದಳು. ಕೊನೆಗೆ ಗೆದ್ದದ್ದು ನಮ್ಮ ಅವ್ವನ ಹಳೆಯ ಸೀರೆ. ಹತ್ತು ವರ್ಷ ಉಬ್ಬೆಯಲ್ಲಿ ಬೆಂದು ಎಳೆಗಳು ಒಂದಕ್ಕೊಂದು ಕೂಡಿಕೊಂಡ ನುಣುಪು ಬಟ್ಟೆ. ಎರಡು ಮಡಿಕೆ ಮಾಡಿ ಸೋಸಿದಾಗ ಶೀಶೆಯ ನೀರು ಕದಲದೆ ನಿಂತಿತು. ಆಕೆ ಅದನ್ನು ಎಷ್ಟೋ ಹೊತ್ತು ನೋಡಿದಳು. "ಬೀಯೇ ಅಪ್ಪಾ, ಹೊಸ ಬಟ್ಟೆ ಬ್ಯಾಡ. ಬಡವರ ಮನೇಲೂ ಹಳೇ ಸೀರೆ ಇದ್ದೇ ಇರ್ತದೆ," ಎಂದಳು.

ಆಮೇಲೆ ಆಕೆ ಕೇಳಿದ ಪ್ರಶ್ನೆಗೆ ನಾನು ಸಿದ್ಧನಾಗಿರಲಿಲ್ಲ. "ಅದ್ಸರಿ. ಎಗರುಹುಳದ ಹೊಟ್ಟೇಗೆ ಆ ಮರಿ ಎಲ್ಲಿಂದ ಬತ್ತದೆ?"

ನಕಲಿನ ಕೊನೆಯ ಹಾಳೆಯಲ್ಲಿ ಅದು ಇತ್ತು. ಭಾಷಣದಲ್ಲಿ ನಾನು ಅದನ್ನು ಬಿಟ್ಟುಬಿಟ್ಟಿದ್ದೆ. ಹುಣ್ಣಿರುವ ಕಾಲು ನೀರಿಗೆ ಇಳಿದಾಗ ಹುಳು ತನ್ನ ಮರಿಗಳನ್ನು ನೀರಿಗೆ ಸುರಿಯುತ್ತದೆ ಎಂದು ಆಕೆಗೆ ಓದಿ ಹೇಳಿದೆ. ಆ ಬೇಸಿಗೆಯಲ್ಲಿ ದಿನವಿಡೀ ಕಟ್ಟೆಯ ನೀರಿನಲ್ಲಿ ನಿಂತಿರುತ್ತಿದ್ದ ಹುಣ್ಣುಗಾಲು ಊರಿನವರೆಲ್ಲರಿಗೂ ಕಾಣುವಂತೆ ಒಂದೇ ಇತ್ತು.

ಆಕೆ ನನ್ನ ಮುಖವನ್ನು ನೋಡಿದಳು. ಆಮೇಲೆ ತನ್ನ ಕಾಲನ್ನು ನೋಡಿಕೊಂಡಳು.

"ನೀರಿಗಿಳಿದ್ರೆ ಉರಿ ತಣ್ಣಗಾಗ್ತಿತ್ತು," ಎಂದಳು ಮೆಲ್ಲಗೆ. "ಅದಕ್ಕೇ ಹೆಚ್ಚೊತ್ತು ನಿಂತ್ಕತಿದ್ದೆ..."

"ನೀವು ಹೆದರಬೇಡಿ. ನಾನು ಅದನ್ನು ಹೇಳುವುದಿಲ್ಲ."

"ನೀವು ಹೇಳ್ದಿದ್ರೆ ಹುಳ ಸುಮ್ಕಿರ್ತದಾ?"

ಆಕೆಗೆ ಹೆದರಲು ಕಾರಣವಿತ್ತು. ಆಕೆಯ ತಂಗಿಯನ್ನು ಕೊಟ್ಟ ಊರಿನಲ್ಲಿ ಬಾವಿಯ ನೀರು ಕೆಟ್ಟಿತೆಂಬ ಅಪವಾದ ಹೊರಿಸಿ, ಆ ಸಂಸಾರವನ್ನೇ ಊರು ಬಿಡಿಸಿದ್ದರು. ಗಂಟುಮೂಟೆ ಕಟ್ಟಿಕೊಂಡು ಹೊರಟವರು ಎಲ್ಲಿ ನೆಲೆನಿಂತರೋ ತಿಳಿಯದು. ಇಲ್ಲಿಯೂ ಹಾಗೆಯೇ ಆದರೆ ಕಲ್ಲು ಹೋಯಿತು, ಸುಗ್ಗಿಯಲ್ಲಿ ಕಣದಿಂದ ಬರುವ ಆಯದ ರಾಗಿ ಹೋಯಿತು, ಗುಡಿಸಲು ಹೋಯಿತು. ಸತ್ಯವನ್ನು ಹೇಳಿದರೆ ಆಕೆಗೆ ನೆಲೆಯಿಲ್ಲ. ಹೇಳದಿದ್ದರೆ ಊರಿಗೆ ಗುಣವಿಲ್ಲ. ಪರವಾಗಿಯೂ ವಿರೋಧವಾಗಿಯೂ ಮಾತನಾಡಬಲ್ಲ ನನಗೆ ಎರಡರ ನಡುವೆ ದಾರಿ ಕಾಣಲಿಲ್ಲ. ಕೊನೆಗೆ ಯಾರನ್ನೂ ಹೆಸರಿಸದೆ, 'ಕೆಲವರ ಕಾಲಿನಿಂದ' ಎಂದು ಮಾತ್ರ ಹೇಳಿಬಿಡುವುದೆಂದು ನಿಶ್ಚಯಿಸಿದೆ.

ಎರಡನೆಯ ಸಭೆಗೆ ಜನ ತುಂಬಿದ್ದರು. ಶೀಶೆಯ ಸುದ್ದಿ ಬಟ್ಟೆಯ ಗಂಟಿನ ಜೊತೆಗೆ ಮನೆಮನೆಯನ್ನೂ ಮುಟ್ಟಿತ್ತು. ಹೆಂಗಸರು ಚಾವಡಿಯ ಹಿಂಬದಿಯಲ್ಲಿ ನಿಂತರು. ಶೀಶೆ ಕೈಯಿಂದ ಕೈಗೆ ದಾಟಿತು. ಪಟೇಲರು ಅದನ್ನು ಹಿಂದುಮುಂದು ತಿರುಗಿಸಿ ನೋಡಿ, "ಥೂ, ಇದನ್ನಾ ಇಷ್ಟು ದಿನ ಕುಡ್ದಿದ್ದು ನಾವು?" ಎಂದರು. ನಾನು ಉತ್ಸಾಹದಿಂದ ಮುಂದುವರಿದು, ಕೆಲವರ ಕಾಲಿನ ಹುಣ್ಣಿನಿಂದ ಇದು ನೀರಿಗೆ ಸೇರುತ್ತದೆ ಎಂದೆ.

"ಯಾರ ಕಾಲು?" ಎಂದರು ಪಟೇಲರು.

"ಅದು... ಸಾಮಾನ್ಯವಾಗಿ ಹೇಳುವುದಾದರೆ..."

"ಇನ್ಯಾರ ಕಾಲು? ದಿನಾ ಕಟ್ಟೇಲಿ ನಿಂತಿರೋ ಅಗಸರ ಕಾಲು!" ಎಂದು ಯಾರೋ ಕೂಗಿದರು. ಚಾವಡಿಯಲ್ಲಿ ಗುಜುಗುಜು ಎದ್ದಿತು. ನಾನು ಕೈಯೆತ್ತಿದೆ. ಗುಜುಗುಜು ನಿಲ್ಲಲಿಲ್ಲ.

ಹಿಂದಿನಿಂದ ಆ ಪರಿಚಿತ ಧ್ವನಿ ಬಂತು. "ಹೂಂ ಕಣ್ರೀ, ನನ್ನ ಕಾಲೇ! ಬೀಯೇ ಅಪ್ಪಾ, ಅದ್ಯಾಕೆ ನೀರು ಬೆರೆಸ್ತೀರಿ? ಯಾರ ಕಾಲು ಅಂತ ಹೇಳ್ಬುಡಿ!"

ಜನ ಎರಡು ಪಾಲಾಗಿ ಸರಿದರು. ಮಡಿವಾಳಮ್ಮ ಕುಂಟುತ್ತ ಮುಂದೆ ಬಂದು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನಿಂತಳು.

"ನನ್ನ ಕಾಲಿಂದ ನೀರು ಕೆಟ್ಟೈತೆ. ಗೊತ್ತಿರ್ಲಿಲ್ಲ, ಗೊತ್ತಾಯ್ತು. ನಾಳೆಯಿಂದ ಇಳಿಯಲ್ಲ. ಆದ್ರೆ ಒಂದು ಮಾತು. ನಾನು ಈ ಊರಿನ ಬಟ್ಟೆ ಒಗೆಯೋಳು. ಯಾರ ಮನೆಯಿಂದ ಹುಣ್ಣಿಗೆ ಕಟ್ಟಿದ ಬಟ್ಟೆ ಬತ್ತದೆ, ಯಾರು ಪಂಚೆ ಇಳಿಬಿಟ್ಟು ಮುಚ್ಕಂಡು ತಿರುಗ್ತಾರೆ, ಯಾವ ಸೊಸೆ ಹುಣ್ಣುಗಾಲಲ್ಲೇ ಬಿಂದಿಗೆ ಹಿಡ್ದು ಕಟ್ಟೆಗಿಳೀತಾಳೆ, ಎಲ್ಲಾ ನನ್ನ ಗಂಟಲ್ಲೈತೆ. ನನ್ನ ಕಾಲು ಹೇಳ್ದೆ. ಮಿಕ್ಕಿದ್ದೂ ಹೇಳ್ಲಾ?"

ಗಂಡಸರೆಲ್ಲ ನೆಲವನ್ನು ನೋಡುತ್ತಿದ್ದರು. ಮಡಿವಾಳಮ್ಮ ಒಬ್ಬೊಬ್ಬರ ಮುಖದ ಮೇಲೂ ಕಣ್ಣು ಹಾಯಿಸುತ್ತ ಬಂದು ಪಟೇಲರ ಮೇಲೆ ನಿಲ್ಲಿಸಿದಳು.

"ಬ್ಯಾಡ ಬಿಡವ್ವಾ, ಬ್ಯಾಡ," ಎಂದು ಪಟೇಲರು ನಿಟ್ಟುಸಿರುಬಿಟ್ಟರು. ಎದ್ದು ನಿಂತು, ಎರಡು ಕೈಯಲ್ಲೂ ಪಂಚೆಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿದರು. ಬಲಗಾಲಿನ ಮೀನಖಂಡದಲ್ಲಿ ಬಟ್ಟೆ ಸುತ್ತಿತ್ತು. ಬಟ್ಟೆಯಿಂದ ಕಡ್ಡಿಯ ತುದಿ ಇಣುಕುತ್ತಿತ್ತು. "ದಿನಾ ಬೆಳಗ್ಗೆ ಸಂಧ್ಯಾವಂದನೆಗೆ ಹೋದಂಗೆ ಕಟ್ಟೇಲಿ ಕಾಲು ಅದ್ದಿ ಬತ್ತಿದ್ದೆ. ನೋಡ್ಕಳಿ, ಇಲ್ಲೊಂದೈತೆ!"

ಮೊದಲು ನಕ್ಕವರು ಅವರೇ. ಆಮೇಲೆ ನಗುವಿಗೆ ಕಟ್ಟೊಡೆಯಿತು. ಒಬ್ಬರಾದ ಮೇಲೆ ಒಬ್ಬರು ಪಂಚೆ ಎತ್ತಿ ತೋರಿಸತೊಡಗಿದರು. "ನಂದೂ ಐತೆ!" "ನಂದು ಎರಡು ಕಣ್ರೋ!" ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕು ನಕ್ಕು ಗೋಡೆಗೆ ಒರಗಿದರು. ಅಪವಾದ ಒಂದು ಕಾಲಿನ ಮೇಲೆ ಬೀಳುವುದು ತಪ್ಪಿ ಅಷ್ಟೂ ಕಾಲುಗಳ ಮೇಲೆ ಹಂಚಿಹೋಯಿತು. ಹಾಗೆ ಹಂಚಿಹೋದದ್ದರಿಂದಲೇ ಹಗುರವಾಯಿತು. ಅಲ್ಲಿಯೇ ತೀರ್ಮಾನವಾಯಿತು: ಹುಣ್ಣಿಲ್ಲದವರು ಮಾತ್ರ ಕಟ್ಟೆಗೆ ಇಳಿದು ಎಲ್ಲರಿಗೂ ನೀರು ತುಂಬಿ ಕೊಡಬೇಕು. ಒಗೆತ ಮುಂದೆ ಕೆರೆಯ ತೂಬಿನ ಕೆಳಗೆ, ಕುಡಿಯಲು ಬಳಸದ ಕಾಲುವೆಯ ಬಾಯಿಯಲ್ಲಿ.

ಮರುದಿನ ಬೆಳಿಗ್ಗೆ ಒಗೆಯುವ ಕಲ್ಲುಗಳನ್ನು ಸಾಗಿಸಿದ್ದು ನಮ್ಮೂರಿನ ಒಂದು ಹಬ್ಬ. ಹನ್ನೆರಡು ಜನ ಹಗ್ಗ ಹಾಕಿ, ಕೆಳಗೆ ತೆಂಗಿನ ಬೊಡ್ಡೆ ಕೊಟ್ಟು ಉರುಳಿಸಿದರು. ಪಟೇಲರು ಎತ್ತಿನ ಗಾಡಿಯಲ್ಲಿ ಕಾಲು ಚಾಚಿ ಕುಳಿತು ಅಪ್ಪಣೆ ಕೊಡುತ್ತಿದ್ದರು. ನಾನೂ ಹಗ್ಗಕ್ಕೆ ಕೈ ಹಾಕಿದೆ. "ಬೀಯೇ ಅಪ್ಪಾ, ನೀವು ಬ್ಯಾಡಿ, ಹಗ್ಗಕ್ಕೆ ಇಂಗ್ಲೀಷು ಬರಲ್ಲ," ಎಂದು ಮಡಿವಾಳಮ್ಮ ಕೂಗಿದಾಗ ಎಲ್ಲರೂ ನಕ್ಕು, ಕಲ್ಲು ಹಳ್ಳದಲ್ಲಿ ಸಿಕ್ಕಿಕೊಂಡು, ಮತ್ತೆ ಅರ್ಧ ಗಂಟೆ ಹಿಡಿಯಿತು.

ಅಕ್ಷಯ ತದಿಗೆಯ ದಿನ ಎಲ್ಲ ಮನೆಗಳಲ್ಲೂ ನೀರಿನ ಮಡಕೆಗೆ ಸೋಸುವ ಬಟ್ಟೆ ಏರಿತು. ನನ್ನ ಕೆಲಸ ಮುಗಿಯಿತೆಂದು ನಾನು ತಿಳಿದೆ. ಆಕೆ ಹಾಗೆ ತಿಳಿಯಲಿಲ್ಲ. ಬಟ್ಟೆ ಕೊಡಲು ಹೋದಾಗಲೆಲ್ಲ ಅಡಿಗೆಮನೆಯ ಬಾಗಿಲಲ್ಲಿ ನಿಂತು ಸೋಸುವುದನ್ನು ನೋಡುತ್ತಿದ್ದಳು. ಹದಿನೈದು ದಿನ ಕಳೆಯುವುದರೊಳಗೆ ತಪ್ಪು ಹಿಡಿದಳು, ಅದೂ ನಮ್ಮ ಮನೆಯಲ್ಲೇ. ನಮ್ಮ ಅವ್ವ ಮಡಿಯ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಇಂದು ಸೋಸಿದಾಗ ಬಟ್ಟೆಯ ಮೇಲ್ಮೈಗೆ ಹುಳ ಅಂಟಿತು, ಆ ಮೈ ಮೈಲಿಗೆಯಾಯಿತು. ಆದ್ದರಿಂದ ನಾಳೆ ಬಟ್ಟೆಯನ್ನು ಮಗುಚಿ, ಶುದ್ಧವಾದ ಇನ್ನೊಂದು ಮೈಯನ್ನು ಮೇಲಕ್ಕಿಟ್ಟು ಸೋಸಬೇಕು. ಇದು ಅವ್ವನ ತರ್ಕ. ಹಾಗೆ ಮಗುಚಿದಾಗ ಹಿಂದಿನ ದಿನದ ಹುಳಗಳೆಲ್ಲ ನೆಟ್ಟಗೆ ಕುಡಿಯುವ ಮಡಕೆಗೆ ಇಳಿಯುತ್ತಿದ್ದವು! ವಿಚಾರಿಸಿದರೆ ಊರಿನ ಅರ್ಧ ಮನೆಗಳಲ್ಲಿ ಇದೇ ಪದ್ಧತಿ. ತಮಾಷೆಯೆಂದರೆ, ಹೆಚ್ಚು ಶುಚಿಯಾದ ಮನೆಗಳಲ್ಲೇ ಹೀಗಾಗಿತ್ತು.

ನಾನು ಅವ್ವನಿಗೆ ವಾದದಿಂದ ತಿಳಿಸಲು ಹೊರಟೆ. ಅವ್ವ ನನ್ನ ವಾದವನ್ನು ಒಂದೇ ಮಾತಿನಲ್ಲಿ ಮುಗಿಸಿದಳು: "ಮಡಿ ಮೈಲಿಗೆ ನಿನಗೇನು ಗೊತ್ತೋ?" ಮಡಿವಾಳಮ್ಮ ವಾದಿಸಲಿಲ್ಲ. ಬಟ್ಟೆ ಯಾವ ಮನೆಯದೆಂದು ತಿಳಿಯಲು ಅಗಸರು ಕೇರುಬೀಜದ ಕರಿಯ ರಸದಿಂದ ಮೂಲೆಯಲ್ಲಿ ಗುರುತು ಹಾಕುತ್ತಾರಲ್ಲ, ಎಷ್ಟು ಒಗೆದರೂ ಅದು ಹೋಗುವುದಿಲ್ಲ. ಆಕೆ ಊರಿನ ಸೋಸುವ ಬಟ್ಟೆಗಳನ್ನೆಲ್ಲ ತರಿಸಿ, ಉಬ್ಬೆಗೆ ಹಾಕಿ, ಒಂದೊಂದರ ಒಂದೇ ಮೈಗೆ ಗುರುತು ಹಾಕಿ ಹಿಂದಕ್ಕೆ ಕೊಟ್ಟಳು.

"ಈ ಗುರುತು ಯಾವಾಗ್ಲೂ ಸೂರು ನೋಡ್ತಿರ್ಬೇಕು ಕಣ್ರವ್ವಾ. ಗುರುತು ನೆಲ ನೋಡ್ತೋ, ಬಟ್ಟೆ ಮೈಲಿಗೆ," ಎಂದು ಬಾಗಿಲು ಬಾಗಿಲಿಗೂ ಹೇಳಿದಳು. ಮೈಲಿಗೆ ಎಂದಮೇಲೆ ಅವ್ವನ ಕಡೆಯಿಂದ ತಕರಾರಿರಲಿಲ್ಲ.

ಮುಂದಿನ ಯುಗಾದಿಯ ಹೊತ್ತಿಗೆ ನನ್ನ ತಪ್ಪು ಹೊರಬಿತ್ತು. ವೇದಿಕೆಯ ಆವೇಶದಲ್ಲಿ ನಾನು 'ಬರುವ ಬೇಸಿಗೆಗೆ ಒಂದು ಹುಣ್ಣೂ ಇರದು' ಎಂದುಬಿಟ್ಟಿದ್ದೆ. ಬೇಸಿಗೆ ಬಂತು, ಹುಣ್ಣೂ ಬಂತು. "ಎಲ್ಲಪ್ಪಾ ನಿನ್ನ ಸೂರ್ಯ?" ಎಂದರು ಪಟೇಲರು. ಕೆಲವರು ಮಡಕೆಯಿಂದ ಬಟ್ಟೆ ತೆಗೆದೇಬಿಟ್ಟರು. ನಾನು ನಾಚಿಕೆಯಿಂದ ನಕಲನ್ನು ತೆಗೆದು ಮತ್ತೆ ಓದಿದೆ. ಮರಿ ಮೈಯೊಳಗೆ ಸೇರಿ ಹುಳುವಾಗಿ ಹೊರಬರಲು ಸುಮಾರು ಒಂದು ವರ್ಷ ಬೇಕೆಂದು ಸ್ಪಷ್ಟವಾಗಿ ಬರೆದಿತ್ತು. ಹೇಳಿದರೆ ನುಣುಚಿಕೊಳ್ಳುವ ಮಾತೆಂದಾರು ಎಂದು ಊರಿನವರ ಎದುರಿಗೆ ಹೋಗಲು ಹಿಂಜರಿದೆ. ಮಡಿವಾಳಮ್ಮನಿಗೆ ಅದನ್ನು ಓದಿ ಹೇಳಿದೆ. ಆಕೆ ಬೆರಳು ಮಡಿಸಿ ತಿಂಗಳುಗಳನ್ನು ಎಣಿಸಿದಳು, ಮುಖ ಅರಳಿತು. ಆ ಸಂಜೆಯಿಂದಲೇ ಬಾಗಿಲು ಬಾಗಿಲಿಗೂ ಹೊರಟಳು.

"ಇವೆಲ್ಲ ಹೋದ ವರ್ಷ ಬಂದು ಸೇರ್ಕಂಡ ನೆಂಟ್ರು ಕಣ್ರೀ. ಈಗ ಗಂಟು ಕಟ್ಕಂಡು ಹೊಂಟವ್ರೆ. ಹೋಗೋರ್ನ ಹೋಗಾಕ್ಬಿಡಿ. ಹೊಸಬ್ರು ಒಳಕ್ಕೆ ಬರ್ದಂಗೆ ಬಾಗ್ಲು ಹಾಕ್ಕಳಿ, ಅಷ್ಟೇಯಾ."

ತೆಗೆದ ಬಟ್ಟೆಗಳು ಮಡಕೆಗಳ ಮೇಲೆ ಮತ್ತೆ ಏರಿದವು.

ಮತ್ತೊಂದು ವರ್ಷ ಕಳೆಯಿತು. ವೈಶಾಖದ ಒಂದು ಬೆಳಿಗ್ಗೆ ನಾನು ಜಗಲಿಯಲ್ಲಿ ಓದುತ್ತ ಕುಳಿತಿದ್ದೆ. ಕೆರೆಯ ಕಡೆಯಿಂದ ಮಡಿವಾಳಮ್ಮ ಓಡಿ ಬಂದಳು; ಹೌದು, ಕುಂಟದೆ ಓಡಿ ಬಂದಳು. ಹಿಂದೆ ಕತ್ತೆಯೂ ಓಡುತ್ತಿತ್ತು. ಚಾವಡಿಯ ಮುಂದೆ ಇಡೀ ಊರಿನ ಕೊಳೆಬಟ್ಟೆಯ ಗಂಟನ್ನು ಬಿಚ್ಚಿ ನೆಲದ ಮೇಲೆ ಹರಡಿದಳು. "ನೋಡ್ಬನ್ರೋ! ನೋಡ್ಬನ್ರೇ! ಈ ತಿಂಗಳೆಲ್ಲ ಕಾದೆ. ಒಂದ್ ಮನೇದೂ ಹುಣ್ಣಿಗೆ ಕಟ್ಟಿದ ಬಟ್ಟೆ ಇಲ್ಲ! ಒಂದೂ ಇಲ್ಲ ಕಣ್ರೀ!"

ಜನ ಸೇರಿದರು. ಪಟೇಲರು ಬಗ್ಗಿ, ತಮ್ಮ ಮನೆಯ ಪಂಚೆಯನ್ನು ತಾವೇ ಕೊಡವಿ ನೋಡಿದರು. ಕೊಳೆಬಟ್ಟೆಯ ರಾಶಿಯ ಸುತ್ತ ನಿಂತು ಒಂದು ಊರು ಹಾಗೆ ಸಂತೋಷಪಟ್ಟದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ವಿಜ್ಞಾನದಲ್ಲಿ ಪ್ರಮಾಣವೆಂದರೇನು ಎಂದು ಯಾರಾದರೂ ಕೇಳಿದರೆ ನನಗೆ ಇಂದಿಗೂ ಕಣ್ಣಿಗೆ ಕಟ್ಟುವುದು ಆ ರಾಶಿ.

ಆಮೇಲೆ ಕೆಲವು ವರ್ಷ ನಾವಿಬ್ಬರೂ ಯಗಟಿಯ ಕಡೆ, ದೇವನೂರಿನ ಕಡೆ ಹಳ್ಳಿಗಳನ್ನು ಸುತ್ತಿದೆವು. ನಾನು ಹಾಳೆಗಳನ್ನು ಕನ್ನಡದಲ್ಲಿ ಓದುತ್ತಿದ್ದೆ. ಆಕೆ ಶೀಶೆಯನ್ನು ಬಿಸಿಲಿಗೆ ಹಿಡಿಯುತ್ತಿದ್ದಳು. ಪ್ರತಿ ಊರಿನಲ್ಲೂ ಅಲ್ಲಿಯ ಅಗಸರ ಮನೆಗೆ ಮೊದಲು ಹೋಗಿ ಮಾತನಾಡುತ್ತಿದ್ದಳು. ಬೈಗುಳ ತಿಂದ ಊರುಗಳೂ ಇದ್ದವು, ಮಜ್ಜಿಗೆ ಕೊಟ್ಟು ಕಳುಹಿಸಿದ ಊರುಗಳೂ ಇದ್ದವು... ಅನಂತರ ನಾನು ವಕೀಲಿಗಾಗಿ ಮೈಸೂರು ಸೇರಿದೆ. ಒಂದು ಮಳೆಗಾಲದಲ್ಲಿ ಆಕೆಗೆ ಜ್ವರ ಬಂದು, ಎರಡೇ ದಿನಗಳಲ್ಲಿ ತೀರಿಕೊಂಡಳಂತೆ. ಸುದ್ದಿ ನನ್ನನ್ನು ಮುಟ್ಟಿದ್ದು ಮೂರು ವಾರಗಳ ಮೇಲೆ.

ಬೀರೂರಿನಲ್ಲಿ ಅಂದು ತರೀಕೆರೆಯ ಗಾಡಿಯನ್ನು ಬಿಟ್ಟು ಅಜ್ಜಂಪುರದ ಗಾಡಿ ಹತ್ತಿದೆ. ಊರಿನ ಶಾಲೆಯಲ್ಲಿ ಈಗ ತರುಣರಾದ ಉಪಾಧ್ಯಾಯರೊಬ್ಬರಿದ್ದಾರೆ. ನನ್ನನ್ನು ಕಂಡು, ಮಕ್ಕಳಿಗೆ ಎರಡು ಮಾತು ಹೇಳಬೇಕೆಂದರು. ನಾನು ಮಕ್ಕಳನ್ನು ಕೇಳಿದೆ: "ನಾರುಹುಣ್ಣು ಎಂದರೇನು, ಯಾರಿಗೆ ಗೊತ್ತು?" ಯಾರೂ ಕೈಯೆತ್ತಲಿಲ್ಲ. ಒಬ್ಬರ ಮುಖವನ್ನೊಬ್ಬರು ನೋಡಿಕೊಂಡು ನಕ್ಕರು. ಅದು ಯಾವುದೋ ಹಣ್ಣಿನ ಹೆಸರೆಂದು ಒಬ್ಬಳು ಊಹಿಸಿದಳು. ಉಪಾಧ್ಯಾಯರು ಬೇರೆ ಸೀಮೆಯವರು. ಅವರೂ ಆ ಮಾತನ್ನು ಕೇಳಿರಲಿಲ್ಲ. ನನ್ನ ಕಣ್ಣು ತುಂಬಿಬಂತು. ನಮ್ಮೂರ ಮಕ್ಕಳಿಗೆ ಆ ಮಾತು ತಿಳಿಯದು! ಇದಕ್ಕಿಂತ ಹೆಚ್ಚಿನ ಗೆಲುವನ್ನು ಯಾವ ಸುಧಾರಕನು ಬಯಸಿಯಾನು?

ಎಲ್ಲವನ್ನೂ ಅವರಿಗೆ ಹೇಳಿದೆ. ಪಟೇಲರು ಪಂಚೆ ಎತ್ತಿದ ಕಡೆ ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಮುಗಿದ ಮೇಲೆ ಉಪಾಧ್ಯಾಯರು ಉತ್ಸಾಹದಿಂದ ಸೀಮೆಸುಣ್ಣ ಹಿಡಿದು ಹಲಗೆಯ ಕಡೆಗೆ ತಿರುಗಿದರು. "ಇವರು ಇದನ್ನು ಬರೆದುಕೊಳ್ಳಲಿ. ಆ ತಾಯಿಯ ಹೆಸರೇನು ಸ್ವಾಮಿ?"

ನಾನು ಬಾಯಿ ತೆರೆದೆ. ಇಷ್ಟು ವರ್ಷ ಆಕೆಯನ್ನು 'ನೀವು' ಎಂದು ಕರೆದಿದ್ದೆ. ಆ ಗೌರವಕ್ಕಾಗಿ ನನ್ನನ್ನು ನಾನೇ ಮೆಚ್ಚಿಕೊಂಡಿದ್ದೆ. ಮಡಿವಾಳಮ್ಮ ಎಂಬುದು ಕಸುಬು ಕೊಟ್ಟ ಹೆಸರು; ಆಕೆಯ ಸ್ವಂತ ಹೆಸರನ್ನು ಒಂದು ದಿನವಾದರೂ ಕೇಳಿರಲಿಲ್ಲ. ಮೂರು ಮನೆಗಳಿಗೆ ಹೋಗಿ ಹಿರಿಯರನ್ನು ವಿಚಾರಿಸಿದೆ. "ಮಡಿವಾಳಮ್ಮ ಅಲ್ವಾ?" ಎಂದರು ಎಲ್ಲರೂ. ನಾನು ಶಾಲೆಗೆ ಮರಳಿದಾಗ ಮಕ್ಕಳು ಮನೆಗೆ ಹೋಗಿದ್ದರು. ಉಪಾಧ್ಯಾಯರು ಹಲಗೆಯ ಮೇಲೆ ನಡೆದ ಸಂಗತಿಯನ್ನೆಲ್ಲ ಮುತ್ತಿನಂಥ ಅಕ್ಷರಗಳಲ್ಲಿ ಬರೆದು, ಮೊದಲನೆಯ ಸಾಲಿನಲ್ಲಿ ಒಂದು ಹೆಸರು ಹಿಡಿಸುವಷ್ಟು ಜಾಗವನ್ನು ಬಿಟ್ಟು, ನನಗಾಗಿ ಕಾಯುತ್ತಿದ್ದರು.